ಹಿಂದಿನವರ ಹಿಟ್ಟು

ಕಾರಟಗಿಯೊಳಗ ಭತ್ತದ ಕೊಯ್ಲು ಅಂದ್ರ
ಮೊದಲು ಬರೋದು ಸದ್ದು.
ಲುಧಿಯಾನಾ ಕಡೆಯಿಂದ ಉರುಳಿಕೊಂತ ಬಂದ ಕಟಾವು ಮಷೀನು,
ಮ್ಯಾಲ ಬಿಸಿಲಿಗೆ ಬಣ್ಣ ಬಿಟ್ಟ ಪೇಟ,
ಪೇಟದ ಕೆಳಗ ಇಪ್ಪತ್ತೆರಡರ ಹುಡುಗ.

ನನ್ನ ಹೆಸರು ಮುದುಕಮ್ಮ. ವಯಸ್ಸು ನಲವತ್ತೊಂದು.
ಹಿಟ್ಟಿನ ಗಿರಣಿ ನಂದ, ಕರೆಂಟು ಬಿಲ್ಲೂ ನಂದ.

ಬಾಗಿಲಿಗೆ ಬಂದು ನಿಂತು, ಚೀಲ ಎತ್ತಿ ತೋರಿಸಿ
"ಮಕ್ಕೀ" ಅಂದ.
ನನ್ನ ಹಿಂದಿ ರಾಯಚೂರು ಬಸ್‌ಸ್ಟ್ಯಾಂಡಿಂದು,
ಅದರೊಳಗ ಮಕ್ಕೀ ಅಂದ್ರ ನೊಣ.
ನೊಣ ಬೀಸೋದಿಲ್ಲಪ್ಪ ಇಲ್ಲಿ, ಅಂದೆ.
ಚೀಲದ ಬಾಯಿ ಬಿಚ್ಚಿದ:
ಗೊಂಜಾಳ.
ನಮ್ಮ ಕಡೆ ಕೋಳಿ ಫಾರಮ್ಮಿಗೆ ಹೋಗೋ ಕಾಳು.

ಪಂಜಾಬಿ ಊಟ ನನಗ ಗೊತ್ತಿತ್ತು,
ಗೊತ್ತೈತಿ ಅಂದುಕೊಂಡಿದ್ದೆ:
ಸಿಂಧನೂರು ರೋಡಿನ ಢಾಬಾ ಬೋರ್ಡು,
ಕೆಂಪು ಗ್ರೇವಿಯೊಳಗ ಮುಳುಗಿದ ಪನೀರು,
ಮೈದುನನ ಮದುವಿ ಮಾತಿಗೆ ಹೋದಾಗ
ಒಮ್ಮೆ ತಿಂದು ಎದಿ ಉರಿಸಿಕೊಂಡದ್ದು.

ಹರ್ಜೋತ್ ತಲಿ ಅಲ್ಲಾಡಿಸಿದ.
ಅದು ರೋಡಿಂದು, ಮನೀದಲ್ಲ.
ಮನೀದು ಯಾವುದು ಅಂತ ಹೇಳಾಕ ಹೋಗಿ
ಗಾಳಿಯೊಳಗ ಒಲಿ ಹೂಡಿದ, ಗಾಳಿಯೊಳಗ ಕಡೆದ.
ರಾತ್ರಿಯೆಲ್ಲ ಕೆಂಡದ ಮ್ಯಾಲ ಕುಂತ ಕರಿ ಉದ್ದು,
ಹುಳಿ ಮಜ್ಜಿಗಿಗೆ ಕಡಲಿಹಿಟ್ಟು ಕದಡಿದ ಕಢಿ,
ಚಳಿಗಾಲದ ಸಾಸಿವಿ ಸೊಪ್ಪು,
ಸಾಸಿವಿ ಸೊಪ್ಪು,
ಎರಡು ಸಲ ಅಂದ, ಸುಮ್ಮನಾದ.
ಅವ್ವ ಕಟ್ಟಿಕೊಟ್ಟ ಪಂಜೀರಿ
ಸೊಲ್ಲಾಪುರ ದಾಟೋದ್ರಾಗ ಮುಗೀತಂತ.
ಆ ಡಬ್ಬಿಯೊಳಗ ಈಗ ನಟ್ಟು, ಬೋಲ್ಟು, ಒಂದು ಪಾನಾ.

ಬೆಲ್ಟು ಏರಿಸಿದೆ. ಹಳದಿ ಹಿಟ್ಟು ಬಂತು.

ಸಂಜೀಕ ಕಾಲುವಿ ದಂಡಿಗೆ ಹೋಗಿ ನೋಡಿದರ
ಮೂರು ಇಟ್ಟಂಗಿ, ಒಂದು ಹಂಚು,
ಬಿಂದರ್ ಅನ್ನೋ ಇನ್ನೊಬ್ಬ ಕಣ್ಣು ಒರೆಸಿಕೊಂತ ಊದ್ತಿದ್ದ.
ಸಾಸಿವಿ ಸಿಕ್ಕಿಲ್ಲ. ಮೂಲಂಗಿ ಸೊಪ್ಪು, ಮೆಂತ್ಯ,
ನನ್ನ ಮಡಿಲಿಂದ ಒಂದು ಹಿಡಿ ಹಕ್ಕರಕಿ,
ಬೆಂದು, ಕಡಗೋಲಿಗೆ ಸಿಕ್ಕು, ಮೆತ್ತಗಾಗಿ ಕುಂತಿತ್ತು.
ರೊಟ್ಟಿ ಮಾತ್ರ
ಕೈಯಿಂದ ಹಂಚಿಗೆ ಹೋಗೋ ದಾರಿಯೊಳಗ ಹರೀತಿತ್ತು.
ಚೂರು ನಾಯಿಗೆ. ನಾಯಿಗೆ ಖುಷಿ.

ಫೋನು ಹಚ್ಚಿದ ಹರ್ಜೋತ್.
ಅರ್ಧ ಹಣಿ, ಪೂರ್ತಿ ಜಂತಿ,
ಆಮ್ಯಾಲ ಒಂದು ಹೆಣ್ಣು ದನಿ, ಬೈಗುಳ ಅಂತ ತಿಳೀತು,
ಬೈಗುಳಕ್ಕ ಭಾಷಾ ಬ್ಯಾಡ.
ಸರೀರಿ ಅಂದೆ ಹುಡುಗರಿಗೆ. ಎಸರಿಟ್ಟೆ.
ಕುದಿಯೋ ನೀರು ಹಿಟ್ಟಿನ ನಡುವ ಸುರುವಿ
ಬೆರಳು ಸುಡೋ ಮುಂಚೆ ನಾದಿ
ಬಡಿದೆ.
ಜ್ವಾಳಕ್ಕ ಗೊತ್ತಿರೋ ಅಂಗೈ
ಗೊಂಜಾಳಕ್ಕೂ ಹೇಳಿತು.
ಅತ್ಲಾಕಡಿಂದ ಆಕಿನೂ ಬಡೀತಿದ್ದಳು,
ಒಂದು ಏಟು ತಡವಾಗಿ ಬರ್ತಿತ್ತು ಆಕಿ ಸದ್ದು,
ಸಿಗ್ನಲ್ಲು ಸರಿಯಿಲ್ಲ.

ಆಕಿ ಏನೋ ಕೇಳಿದಳು.
"ಉಪ್ಪು ಹಾಕಿದಿ ಏನು, ಅಂತಾಳ ಅವ್ವ."
ರೊಟ್ಟಿಗೆ ಉಪ್ಪು ಯಾರು ಹಾಕ್ತಾರ?
ಅದನ್ನ ಹುಡುಗ ಆಕಿಗೆ ಹೇಳಿದ,
ಹಣಿ, ಹಲ್ಲು, ಜಂತಿ, ಎಲ್ಲಾ ನಕ್ಕವು.
ರೊಟ್ಟಿ ಉಬ್ಬಿತು. ಹರೀಲಿಲ್ಲ. ಬೆಣ್ಣಿ ನನ್ನದು,
ಬೆಲ್ಲ ಬಿಂದರಂದು.
ಹಕ್ಕರಕಿಯ ಖಾರ ನಾಲಿಗಿಗೆ ತಾಗಿದಾಗ
ಹರ್ಜೋತ್ ಸಾಸಿವಿ ಅನ್ನಲಿಲ್ಲ, ಏನೂ ಅನ್ನಲಿಲ್ಲ,
ಇನ್ನೊಂದು ಹಾಕಿಸಿಕೊಂಡ.

ಮೂರನೇ ದಿನ ಮಷೀನು ಮಸ್ಕಿ ಕಡೆ ಹೋತು.

ಉಳಿದ ಗೊಂಜಾಳ ಬಿಟ್ಟು ಹೋಗಿದ್ದರು.
ಈ ಸಲ ಕಲ್ಲು ಬಿಚ್ಚಿ, ಬ್ರಶ್ ಹಾಕಿ ಉಜ್ಜಿ,
ಚೊಕ್ಕ ಬೀಸಿ ಬಡಿದೆ.
ಹರೀತು. ಮತ್ತೊಂದು ಬಡಿದೆ, ಹರೀತು.

ಆವಾಗ ನೆನಪಾತು:
ಅವತ್ತು ಅವನ ಚೀಲಕ್ಕಿಂತ ಮೊದಲು
ಬೀಸಿದ್ದು ಮಠದವರ ಗೋಧಿ, ಎಂಟು ಕಿಲೋ.
ಕಲ್ಲಿನ ಸಂದಿಯೊಳಗ ಕುಂತಿದ್ದ ಜಿಗುಟು
ಹೇಳದ ಕೇಳದ ಬಂದು ಹಳದಿಯೊಳಗ ಕೂಡಿತ್ತು.
ಗಿರಾಕಿ ದಿನಾ ಜಗಳ ತೆಗೆಯೋದು ಇದಕ್ಕ:
"ಹಿಂದಿನವರ ಹಿಟ್ಟು ನಮ್ಮದಕ್ಕ ಬಂತು, ಮುದುಕಮ್ಮ."

ಹರ್ಜೋತನ ನಂಬರು ಫೋನಿನೊಳಗ ಐತಿ.
ಆ ಹೆಣ್ಣುಮಗಳು ನನ್ನ ಕೈ ಹೊಗಳಿದ್ದಳು.
ಇನ್ನೂ ಹೇಳಿಲ್ಲ ನಾನು.