ಟವೆಲ್ಲಿನ ಕೆಳಗ

ನೆಹರು ಗಂಜಿನ ಅಡತ್ ಅಂಗಡಿ.
ಲಿನಕ್ಸ್ ಡಬ್ಬಿ ಮ್ಯಾಲ ತೊಗರಿ ಧೂಳ.
ಆವಕದ ಲೆಕ್ಕ ತೆವಳಿಕೋತ ಬರ್ತದ.
“ಕಾರ್ಡ್ ಸತ್ತದೇನ್ ನೋಡವ್ವ,” ಅಂದ್ರು ಮಹಾಂತಪ್ಪ.

ಡ್ರೈವರ್ ಬದಲಿಸಿದೆ. ತಿರುಗಿ ಹಳೇದೇ ಹಾಕಿದೆ.
ಮಧ್ಯಾಹ್ನ ಹೋತು.

ಹೊರಗ ವ್ಯಾಪಾರ: ಟವೆಲ್ ಕೆಳಗ ಎರಡು ಕೈ,
ಬೆರಳು ಬೆರಳಿಗೆ ದರ ಹೇಳ್ತದ,
ಮುಖದಾಗ ಏನೂ ಇಲ್ಲ.

ಒಳಗ ಬಂದು ಇಥ್‌ಟೂಲ್ ಬಡಿದೆ.
ಟವೆಲ್ ಎತ್ತಿ ನೋಡಿದಂಗಾತು:
ಕಾರ್ಡೂ ಸ್ವಿಚ್ಚೂ ಗುಟ್ಟಾಗಿ ಚೌಕಾಸಿ ಮಾಡಿ
ಸಾವಿರದ ಮಾಲು ನೂರಕ್ಕ ಮುಗಿಸಿ ಕುಂತಾವ.

ಚೀಲದ ಸಂದ್ಯಾಗಿನ ವಾಯರ್ ಎಳದೆ.
ಎಂಟು ಎಳಿಯಾಗ ಇಲಿ ಕಡಿದದ್ದು
ಒಂದೇ, ನೀಲಿ.

ಮಹಾಂತಪ್ಪ ತಮ್ಮ ಬಲಗೈ ತೋರಿಸಿದ್ರು,
ದಾಲ್ ಮಿಲ್ಲಿನ ಪಟ್ಟಾ ತಿಂದ ಕಿರುಬೆರಳಿನ ಜಾಗ.
“ಒಂದು ಕಮ್ಮಿ ಇದ್ರ ಪೂರಾ ದರ ಯಾರೂ ಹೇಳಂಗಿಲ್ಲ.”

ಹೊಸ ವಾಯರ್ ತರಾಕ ಸ್ಕೂಟಿ ಹತ್ತಿದೆ.