ಮೊದಲು ಬೇಕಾದ್ದು ಕೊನೆಗೆ

ಹಳೆ ಬಂದರಿನ ದಕ್ಕೆಯಲ್ಲಿ ಬೆಳಗಿನ ನಾಲ್ಕು ಗಂಟೆ.
ಮಂಜಿ ಹೊಟ್ಟೆ ತೆರೆದು ನಿಂತಿದೆ.
ನನ್ನ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಪಟ್ಟಿ,
ಕಿವಿಯ ಹಿಂದೆ ಪೆನ್ಸಿಲು.

ಮೂರು ದಿನದ ಹಿಂದೆ ದ್ವೀಪದಿಂದ
ಗಾಳಿ ಕಚ್ಚಿ ಉಳಿಸಿದ ಫೋನಿನಲ್ಲಿ ಬಂದದ್ದು ಇಷ್ಟೇ:
ನೀರು. ಟಾರ್ಪಾಲು. ಡೀಸೆಲು. ಮತ್ತೆ...
ಆ ‘ಮತ್ತೆ’ಯ ಮೇಲೆ ಲೈನು ಸತ್ತಿತು.

ಆ ಮತ್ತೆಯನ್ನು ಊರು ತನಗೆ ತೋಚಿದಂತೆ ತುಂಬಿಸಿತು:
ಮದುವೆಯ ಕೋಟು, ಒಂಟಿ ಬೂಟು,
ಜರಿ ಬಿಚ್ಚಿದ ಸೀರೆ, ಹೋದ ವರ್ಷದ ಕ್ಯಾಲೆಂಡರು.
ಗೋದಾಮಿನ ಮೂಲೆಯಲ್ಲಿ ರಾಶಿ, ನನ್ನೆತ್ತರ.
ಬೈಯಲಿಕ್ಕೂ ಪುರುಸೊತ್ತಿಲ್ಲ.

“ಮೊದಲು ಎಂತ ಹತ್ತಿಸುವುದು ಮೇಡಂ?” ದೇಜಪ್ಪ ಕೇಳಿದ.
ಕೊನೆಗೆ ಬೇಕಾದ್ದು, ಅಂದೆ.
ಅಲ್ಲಿ ಮೊದಲು ಇಳಿಯಬೇಕಾದ್ದು
ಇಲ್ಲಿ ಕೊನೆಗೆ ಏರಬೇಕು.
ಇಷ್ಟೇ ಈ ವಿದ್ಯೆ,
ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ತಳಕ್ಕೆ ಸಿಮೆಂಟು, ಅದರ ಮೇಲೆ ಅಕ್ಕಿ,
ನೀರುಳ್ಳಿಗೆ ಉಸಿರಾಡಲು ಸಂದು.
ಡೀಸೆಲಿನ ಬ್ಯಾರಲು ಅಕ್ಕಿಯ ನೆರೆಯಲ್ಲಿ ಬೇಡ.
ಅನ್ನ ವಾಸನೆ ಹೊಡೆದರೆ ಹಸಿದವರೂ ಮುಖ ತಿರುಗಿಸುತ್ತಾರೆ,
ತಿರುಗಿಸಲಿ, ಅದು ಅವರ ಹಕ್ಕು.

ಐಸ್ ಪ್ಲಾಂಟಿನ ಸೆವ್ರಿನ್
ಬಂಗುಡೆಗೆಂದು ಇಟ್ಟ ಎರಡು ಗಟ್ಟಿ ಹೆಗಲ ಮೇಲೆ ತಂದ,
ಬೆನ್ನು ಪೂರ ಒದ್ದೆ.
ಇನ್ಸುಲಿನ್ ಪೆಟ್ಟಿಗೆಗೆ ತಾಗದ ಹಾಗೆ
ನಡುವೆ ಗೋಣಿ ಸುತ್ತಿದ. ಎಲ್ಲಕ್ಕಿಂತ ಮೇಲೆ ಅದು.

ತಂಡೇಲ ಮಮ್ಮಿಕುಂಞಿ ಗಡಿಯಾರ ನೋಡುವವನಲ್ಲ,
ನೀರು ನೋಡಿದ.
“ಉಬ್ಬರ ಇಳಿದರೆ ಅಳಿವೆಯ ಹೂಳು ನಮ್ಮನ್ನು ಬಿಡುವುದಿಲ್ಲ.”
ಇನ್ನೂ ಮೂವತ್ತು ಮೂಟೆ ಉಳಿದಿತ್ತು.
ಉಳಿಯಿತು.

ಹನ್ನೆರಡನೆಯ ದಿನ ಮಂಜಿ ಮರಳಿತು,
ನೀರಲ್ಲಿ ತಗ್ಗಿ, ಬಸುರಿಯ ಹಾಗೆ ನಿಧಾನ.
ಆ ‘ಮತ್ತೆ’ ಎಂತದ್ದಂತೆ? ದಕ್ಕೆಯಿಂದಲೇ ಕೂಗಿ ಕೇಳಿದೆ.
“ಫೋನು ಮಾಡಿದವನಿಗೇ ನೆನಪಿಲ್ಲವಂತೆ ಮಾರಾಯ್ತಿ,” ಅಂದ,
ಹಗ್ಗ ಎಸೆದ.

ಖಾಲಿ ಮಂಜಿ ಅಲೆಗೆ ಹೊರಳುತ್ತದೆಂದು
ಅಲ್ಲಿಯವರು ಭಾರ ಹಾಕಿ ಕಳಿಸಿದ್ದರು:
ಬುಡ ಕಿತ್ತು ಬಿದ್ದ ಮರಗಳ ತೆಂಗಿನಕಾಯಿ,
ಅರ್ಧಕ್ಕರ್ಧ ಎಳತು.

ನನ್ನ ಪುಸ್ತಕದಲ್ಲಿ ಹೋದದ್ದಕ್ಕೆ ಏಳು ಕಲಂ.
ಬಂದದ್ದಕ್ಕೆ ಒಂದೂ ಇಲ್ಲ.
ದೇಜಪ್ಪ ಎಣಿಸುತ್ತಲೇ ಇದ್ದಾನೆ, ಜೋಡಿ ಜೋಡಿಯಾಗಿ,
ಆರುನೂರ ಹನ್ನೆರಡು, ಆರುನೂರ ಹದಿನಾಲ್ಕು...
ನಾನು ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತೇನೆ,
ಸದ್ಯಕ್ಕೆ ಪೆನ್ಸಿಲಿನಲ್ಲಿ.