ಫ್ರಾನ್ಸಿಗೆ ಸುಸ್ವಾಗತ

ಬಿಲ್ಲು ಬಂದಿದೆ. ನಲವತ್ತೊಂದು ಪೌಂಡು ಅರವತ್ತು ಪೆನ್ಸು,
‘ವಿದೇಶದಲ್ಲಿ ಬಳಸಿದ ಹೆಚ್ಚುವರಿ ಡೇಟಾ.’
ಪಾಸ್‌ಪೋರ್ಟು ಟ್ರಂಕಿನಲ್ಲಿದೆ, ಟ್ರಂಕು ಮಂಚದ ಕೆಳಗೆ,
ಮಂಚ ಡೋವರಿನ ಒಂದು ಬಾಡಿಗೆ ಕೋಣೆಯಲ್ಲಿ.
ನಾನು ಎಲ್ಲಿಗೂ ಹೋಗಿಲ್ಲ.

ತಿಂಗಳಿಗೆ ನಾಲ್ಕು ಜಿಬಿ. ಅದರಲ್ಲೇ ತೂಗಿಸಬೇಕು.
ತೂಗುವುದು ಬರುತ್ತದೆ ನನಗೆ:
ಗಂಗಾವತಿಯ ನ್ಯಾಯಬೆಲೆ ಅಂಗಡಿಯಲ್ಲಿ ಆರು ವರ್ಷ
ಅಕ್ಕಿ ತೂಗಿದವಳು, ಸೀಮೆಎಣ್ಣೆ ಅಳೆದವಳು,
ತಕ್ಕಡಿ ನಿಲ್ಲುವ ಮೊದಲೇ ಚೀಲಕ್ಕೆ ಕೈ ಹಾಕಿದವರನ್ನು
‘ತಡೀರಿ, ಮುಳ್ಳು ಇನ್ನಾ ಅಲುಗತೈತಿ’ ಎಂದವಳು.
ಇಪ್ಪತ್ತನೇ ತಾರೀಖಿನವರೆಗೆ ಮುಖ ನೋಡಿ ಮಾತು,
ಆಮೇಲೆ ಬರೀ ದನಿ,
ಕೊನೆಯ ವಾರ ಲಾಂಡ್ರಿ ಅಂಗಡಿಯ ಗೋಡೆಗೆ ಒರಗಿ
ಅವರ ವೈಫೈಯಲ್ಲಿ
ಯಾರದೋ ಬಟ್ಟೆ ಒಣಗುವಷ್ಟು ಹೊತ್ತು.

ಆ ಭಾನುವಾರ ಹೋಮಿನ ವ್ಯಾನು ನಮ್ಮಿಬ್ಬರನ್ನು
ಸೇಂಟ್ ಮಾರ್ಗರೆಟ್ಸ್ ಕೊಲ್ಲಿಯಲ್ಲಿ ಇಳಿಸಿ ಹೋಯಿತು,
ಐದಕ್ಕೆ ಬರುತ್ತೇನೆಂದು.
ಗಾಲಿಕುರ್ಚಿಯಲ್ಲಿ ಮಿಸೆಸ್ ಟ್ಯಾಪ್ಸೆಲ್, ತೊಂಬತ್ತಮೂರು,
ಮೊಣಕಾಲ ಮೇಲೆ ಎರಡು ಕಂಬಳಿ,
ಬೆನ್ನ ಹಿಂದೆ ಸುಣ್ಣದ ಬಂಡೆ ನೆಟ್ಟಗೆ ಆಕಾಶದವರೆಗೆ.
ಇಂಗ್ಲೆಂಡಿನ ಟವರುಗಳಿಗೆ ಆ ಬಂಡೆಯೇ ಅಡ್ಡ.
ಆಚೆ ದಡದ ಟವರಿಗೋ
ಇಪ್ಪತ್ತು ಮೈಲಿ ನೀರು, ಬಟಾಬಯಲು.

‘ಹ್ಯೂಲಿ,’ ಎಂದಳು. (ಹುಲಿಗೆಮ್ಮ ಎಂಬುದರಲ್ಲಿ
ಅವಳ ಬಾಯಿಗೆ ದಕ್ಕಿದ್ದು ಅಷ್ಟೇ.)
‘ಒಂದೇ ಒಂದು ರೇಸು ತೋರಿಸು.’
ಒಂದು ನಾಲ್ಕಾಯಿತು.
ಗೊರಸಿನ ಸದ್ದಿಗೆ ಅವಳ ಬೆರಳೂ ಕಂಬಳಿಯ ಮೇಲೆ ಓಡಿತು.
ನಡುವೆ ಎಲ್ಲೋ ಟಿಣ್ ಎಂದು ಬಂದಿತ್ತು ಮೆಸೇಜು,
ಫ್ರಾನ್ಸಿಗೆ ಸುಸ್ವಾಗತ.
ಯಾರು ಓದಿದರು!

ಫೋನು ನಾಲ್ಕು ಎಂದಿತು. ನಾಲ್ಕರ ಮಾತ್ರೆ ಕೊಟ್ಟೆ.
ಚಹಾದ ಗೂಡಂಗಡಿಯ ಗೋಡೆಯ ಮೇಲೆ
ಮೂರು ಗಂಟೆ ಐದು ನಿಮಿಷ.
ಎದೆ ಧಸಕ್ ಎಂದಿತು.
ಗೂಡಂಗಡಿಯವಳ ಫೋನು ಬೇಡಿ ಹೋಮಿನ ನರ್ಸಿಗೆ ಹೇಳಿದೆ;
‘ಪರವಾಗಿಲ್ಲ, ಮಾತ್ರೆ ಅಂಥದ್ದಲ್ಲ. ಪುಸ್ತಕದಲ್ಲಿ ಬರಿ.’
ಬರೆದೆ. ಕಾರಣ ಎಂಬಲ್ಲಿ ಏನು ಬರೆಯಲಿ?
ಫೋನು ದೇಶ ಬಿಟ್ಟಿತ್ತು ಎಂದೇ ಬರೆದೆ.

ಆ ದಡಕ್ಕೆ ನಾನು ಕಾಲಿಡಬೇಕೆಂದರೆ
ಬೇರೆ ವೀಸಾ, ಹತ್ತು ಬೆರಳ ಅಚ್ಚು,
ಬ್ಯಾಂಕಿನ ಮೂರು ತಿಂಗಳ ಕಾಗದ.
ಅದಕ್ಕೆ ಗಾಳಿ ಸಾಕಾಯಿತು.

ಉಳಿದ ಹೊತ್ತು ಸುಮ್ಮನೆ ಕೂತೆವು, ಫೋನು ಚೀಲದಲ್ಲಿ.
ಗಂಡನಿಗೆ ಹೇಳದೆ ಐದು ಶಿಲ್ಲಿಂಗು ಕಟ್ಟಿದ್ದ
ಒಂದು ಕಂದು ಕುದುರೆಯ ಕಥೆ ಹೇಳಿದಳು.
‘ಗೆದ್ದಿತಾ?’
‘ಇನ್ನೂ ಬಂದಿಲ್ಲ,’ ಎಂದು ನೀರಿನ ಕಡೆ ನೋಡಿದಳು.

ಕಂಪನಿಗೆ ಫೋನು ಮಾಡಿದೆ. ನಲವತ್ತು ನಿಮಿಷ ಸಂಗೀತ.
‘ನಿಮ್ಮ ಹ್ಯಾಂಡ್‌ಸೆಟ್ ಫ್ರಾನ್ಸಿನಲ್ಲಿತ್ತು, ಮೇಡಂ.’
ಹ್ಯಾಂಡ್‌ಸೆಟ್ ನನ್ನ ಕೈಯಲ್ಲಿತ್ತು.
‘ಸರಿ, ಮತ್ತೆ... ಕೈ?’
ಕೈ ಇಂಗ್ಲೆಂಡಿನಲ್ಲಿತ್ತು.
ಹುಡುಗ ಒಳಗೆ ಯಾರನ್ನೋ ಕೇಳಿ ಬಂದ:
ಸದ್ಭಾವನೆಯಿಂದ ಅರ್ಧ ಮಾಫಿ.
ಅಂದರೆ ಅರ್ಧ ಹೋಗಿದ್ದೆ ಎಂದಾಯಿತು.
ಯಾವ ಅರ್ಧ ಎಂದು ನಾನೂ ಕೇಳಲಿಲ್ಲ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು ನಮ್ಮ ಓಣಿಯಲ್ಲಿ;
ಇಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ವಿಷಯ ತಿಳಿದು ಮಿಸೆಸ್ ಟ್ಯಾಪ್ಸೆಲ್ ಪರ್ಸು ತಡಕಾಡಿ
ಮೇಜಿನ ಮೇಲೆ ಒಂದು ಪೌಂಡು ಇಟ್ಟಳು, ತನ್ನ ಪಾಲು.
ತೆಗೆದುಕೊಳ್ಳುವಂತಿಲ್ಲ, ಹೋಮಿನ ನಿಯಮ.
ಮೂರು ದಿನದಿಂದ ಅಲ್ಲೇ ಇದೆ, ಔಷಧದ ಡಬ್ಬಿಯ ಪಕ್ಕ.

‘ಮತ್ತೆ ಯಾವಾಗ ಫ್ರಾನ್ಸಿಗೆ?’ ಎನ್ನುತ್ತಾಳೆ,
ನಾನು ಕಾಲುಚೀಲ ಏರಿಸುವಾಗ.
ಭಾನುವಾರ, ಮಳೆ ಇಲ್ಲದಿದ್ದರೆ.
ಡೇಟಾ ಆಫ್ ಮಾಡಿ.